ಒಂದರ ಕೀ ಇಲ್ಲದ ಮೆಷಿನ್ನು

ನಮ್ಮ ಅಬ್ಬನ ಟೈಪ್‌ರೈಟಿಂಗ್ ಇನ್‌ಸ್ಟಿಟ್ಯೂಟಿನ ಮೆಷಿನ್ನುಗಳಲ್ಲಿ ಒಂದು ಅನ್ನುವ ಅಂಕಿಗೆ ಕೀ ಇರಲಿಲ್ಲ. ಅಂಕಿಗಳ ಸಾಲು ಎರಡರಿಂದ ಶುರುವಾಗಿ ಒಂಬತ್ತಕ್ಕೆ ಮುಗಿಯುತ್ತಿತ್ತು. ಈಗಿನವರಿಗೆ ಹೇಳಿದರೆ ನಗುತ್ತಾರೆ. ಒಂದು ಬೇಕಾದರೆ ಇಂಗ್ಲಿಷಿನ ಸ್ಮಾಲ್ ಎಲ್ ಒತ್ತುವುದು, ಸೊನ್ನೆ ಬೇಕಾದರೆ ಕ್ಯಾಪಿಟಲ್ ಓ. ಕಾಗದದ ಮೇಲೆ ಒಂದೇ ಥರ ಕಾಣುತ್ತಿದ್ದವು. ಕೋರ್ಟಿನವರಾಗಲಿ ತಾಲ್ಲೂಕು ಕಚೇರಿಯವರಾಗಲಿ, ಇದು ಒಂದೋ ಎಲ್ಲೋ ಅಂತ ಯಾರೂ ಯಾವತ್ತೂ ಕೇಳಲಿಲ್ಲ.

ತುಮಕೂರಿನಲ್ಲಿ, ಒಂದು ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು ಇನ್‌ಸ್ಟಿಟ್ಯೂಟು, ಅದರ ಹಿಂದಿನ ಕೋಣೆಗಳಲ್ಲೇ ನಮ್ಮ ಮನೆ. ಎಪ್ಪತ್ತರ ದಶಕದಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗ ಹುಡುಗಿಯರೆಲ್ಲ ಮೆಟ್ಟಿಲು ಹತ್ತಿ ಬರುತ್ತಿದ್ದರು. ಅಬ್ಬ ಅವರ ಬೆನ್ನ ಹಿಂದೆ ಕೈಕಟ್ಟಿ ಓಡಾಡುತ್ತಾ, “ಬಲಗೈ ಉಂಗುರದ ಬೆರಳು. ಅದೇ ಯಲ್ಲು, ಅದೇ ಒಂದು. ಕೀ ನೋಡಬಾರದು, ಬೆರಳಿಗೇ ಗೊತ್ತಾಗಬೇಕು” ಅನ್ನುತ್ತಿದ್ದರು. ನಾನು ಕಲಿತದ್ದೂ ಹಾಗೇ.

ಯಲ್ಲು. ಯಫ್ಫು. ಯಮ್ಮು. ಅಬ್ಬನ ಇಂಗ್ಲಿಷು ಹಾಗಿತ್ತು. ಡಿಕ್ಟೇಷನ್ ಕೊಡುವಾಗ ದನಿ ಕೆಳಗಿನ ಬಟ್ಟೆ ಅಂಗಡಿಯವರೆಗೂ ಕೇಳುತ್ತಿತ್ತು. ನಾನೋ ಕಾನ್ವೆಂಟಿನ ಹುಡುಗಿ. ಸಿಸ್ಟರುಗಳು ನಮ್ಮ ತುಟಿ ನೋಡಿ ನೋಡಿ ಉಚ್ಚಾರ ತಿದ್ದಿದವರು. ಗೆಳತಿಯರು ಮನೆಗೆ ಬರ್ತೀವಿ ಅಂದರೆ, ಬ್ಯಾಚು ಬಿಟ್ಟ ಮೇಲೆ ಬನ್ರೇ ಅನ್ನುತ್ತಿದ್ದೆ. ಯಾಕೆ ಅಂತ ಅವರು ಕೇಳುತ್ತಿರಲಿಲ್ಲ. ಅಬ್ಬನೂ ಕೇಳಿರಲಿಲ್ಲ.

ಎಂಬತ್ತರ ದಶಕದ ನಡುವೆ ತುಮಕೂರಿಗೂ ಕಂಪ್ಯೂಟರ್ ಬಂತು. ಬೆಂಗಳೂರಿಗೆ ಬಸ್ಸಿನಲ್ಲಿ ಹೋಗಿ ಬಂದು ಒಂದು ಡಿಪ್ಲೊಮಾ ಮಾಡಿಕೊಂಡೆ. ಕಂಪ್ಯೂಟರ್ ಮಾರುವ ಒಬ್ಬ ಡೀಲರು ನನ್ನನ್ನು ಟೆಂಪರರಿಯಾಗಿ ಇಟ್ಟುಕೊಂಡರು. ಜ್ಞಾನಕ್ಕಿಂತ ಹೆಚ್ಚಾಗಿ ನನ್ನ ಇಂಗ್ಲಿಷಿಗೇ ಸಿಕ್ಕ ಕೆಲಸ ಅದು. ಮೆಷಿನ್ನು ಕೊಂಡವರ ಬಳಿಗೆ ಹೋಗಿ ಆಡ್-ಆನ್ ಮಾಡ್ಯೂಲುಗಳನ್ನು ಹಾಕಿ ಬರುವುದು ನನ್ನ ಪಾಲಿಗೆ ಬಂತು. ಹಾಗೆಂದರೆ ಏನು ಅಂತ ಅಮ್ಮೀ ಕೇಳಿದಾಗ, ಸೀರೆ ಆಗಲೇ ನೇಯ್ದಾಗಿದೆ ಅಮ್ಮೀ, ನಾನು ಹೋಗಿ ಫಾಲ್ಸ್ ಹೊಲಿದು ಬರೋದು ಅಂದಿದ್ದೆ. ನಮ್ಮದು ಸ್ಟಾಕನ್ನು ವಿಂಗಡಿಸಿ ಸಾಲಾಗಿ ಜೋಡಿಸಿಕೊಡುವ ಸಣ್ಣ ಪ್ರೋಗ್ರಾಮು.

ಮೊದಲು ಹೋದದ್ದು ಗುಬ್ಬಿಗೆ, ಒಂದು ಸೊಸೈಟಿ ಆಫೀಸಿಗೆ. ಅಲ್ಲಿನ ಮೆಷಿನ್ನು ಡಾಸ್ ಅನ್ನುವ ಸಿಸ್ಟಮಿನಲ್ಲಿ ಓಡುತ್ತಿತ್ತು. ಫ್ಲಾಪಿ ತೂರಿಸಿ, ಇನ್‌ಸ್ಟಾಲ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದೆ, ಅಷ್ಟೇ. ತರಿಸಿದ ಕಾಫಿ ಆರುವ ಮೊದಲೇ ಪ್ರೋಗ್ರಾಮು ಕೂತಿತ್ತು. “ಏನ್ ಇಂಗ್ಲಿಷಮ್ಮಾ ನಿಮ್ದು, ರೇಡಿಯೋ ಕೇಳ್ದಂಗೈತೆ” ಅಂದರು ಸೆಕ್ರೆಟರಿ. ನಾನು ಅಲ್ಲಿ ಇಂಗ್ಲಿಷ್ ಮಾತಾಡುವ ಅಗತ್ಯವೇ ಇರಲಿಲ್ಲ ಅನ್ನುವುದು ಬೇರೆ ಮಾತು.

ಆ ಸುದ್ದಿ ಕುಣಿಗಲ್ಲಿಗೆ ಹೋಯಿತು. ಅಲ್ಲೊಂದು ನಟ್ಟು ಬೋಲ್ಟಿನ ಕಾರ್ಖಾನೆ. ಕಂಪ್ಯೂಟರ್ ಇತ್ತು, ಅದನ್ನು ನಡೆಸುವವನು ಬಿಟ್ಟು ಹೋಗಿದ್ದ. ಆ ಹೆಣ್ಣುಮಗಳು ಇಲ್ಲಿ ಮಾಡ್ಯೂಲು ಹಾಕಿ ಓಡಿಸಿ ತೋರಿಸಿದರೆ ಕಾಯಂ ಕೆಲಸ ಕೊಡ್ತೀನಿ ಅಂತ ಓನರು ಡೀಲರಿಗೆ ಹೇಳಿ ಕಳಿಸಿದರು. ಆ ಹೊತ್ತಿಗೆ ಅಬ್ಬನ ಬ್ಯಾಚುಗಳಲ್ಲಿ ಅರ್ಧಕ್ಕರ್ಧ ಸ್ಟೂಲುಗಳು ಖಾಲಿ. ಮನೆ ಇನ್ನು ಮುಂದೆ ನನ್ನ ಕೆಲಸದ ಮೇಲೇ ನಿಲ್ಲಬೇಕು ಅನ್ನುವುದು ನಮ್ಮಿಬ್ಬರಿಗೂ ಗೊತ್ತಿತ್ತು, ಮಾತಾಡಿರಲಿಲ್ಲ.

“ನಾನೂ ಬರ್ತೀನಿ ಬೇಟಾ. ವಾಪಸ್ ಬಸ್ಸು ತಪ್ಪಿದ್ರೆ ಒಬ್ಬಳೇ ಏನ್ ಮಾಡ್ತೀಯ?” ಅಂತ ಅಬ್ಬ ಕರಿ ಕೋಟು ತೊಟ್ಟು ಟೋಪಿ ಹಾಕಿ ಹೊರಟೇಬಿಟ್ಟರು. ಬೇಡ ಅನ್ನಲು ಕಾರಣ ಹೊಳೆಯಲಿಲ್ಲ. ಹೆಬ್ಬೂರು ದಾಟುವಾಗ, ಒಳಗೆ ಹೋದ ಮೇಲೆ ಇವರು ಸುಮ್ಮನೆ ಕೂತರೆ ಸಾಕಪ್ಪಾ ಅಂತ ಕಿಟಕಿಯ ಕಡೆ ಮುಖ ಮಾಡಿ ದುವಾ ಮಾಡಿದ್ದು ನೆನಪಿದೆ.

ಕುಣಿಗಲ್ಲಿನ ಮೆಷಿನ್ನು ಯೂನಿಕ್ಸ್ ಅನ್ನುವ ಬೇರೆಯೇ ಸಿಸ್ಟಮಿನದು. ನಮ್ಮ ಫ್ಲಾಪಿಯನ್ನು ಅದು ಓದಲೇ ಒಲ್ಲದು. ಅದಕ್ಕೇ ಪ್ರೋಗ್ರಾಮು ಬರೆದ ಕಂಪನಿಯವರು ಅದನ್ನು ಹಾಳೆಗಳ ಮೇಲೆ ಅಚ್ಚು ಹಾಕಿಸಿ ಕೊಟ್ಟಿದ್ದರು. ಅದನ್ನು ಅಲ್ಲೇ ಕೂತು ಪೂರ್ತಿ ಟೈಪ್ ಮಾಡಿ ಕಂಪೈಲ್ ಮಾಡಬೇಕು, ಅಂದರೆ ಆ ಮೆಷಿನ್ನು ತನ್ನ ಭಾಷೆಗೆ ತಾನೇ ಅದನ್ನು ಇಳಿಸಿಕೊಳ್ಳಬೇಕು. ಟೈಪಿಂಗ್ ತಾನೇ, ನನಗಿಂತ ಫಾಸ್ಟು ಯಾರಿದ್ದಾರೆ ಅಂತ ನನ್ನ ಧೈರ್ಯ.

“ಯಾರಾದ್ರೂ ಓದಿ ಹೇಳಿದ್ರೆ ಬೇಗ ಆಗಲ್ವಾ ಮೇಡಂ?” ಅಂದರು ಓನರು.

ಮೂಲೆಯ ಬೆಂಚಿನಿಂದ ಅಬ್ಬ ಎದ್ದರು. “ನಾನು ಓದ್ತೀನಿ ಸಾರ್. ನಮ್ದು ಅದೇ ಕಸುಬು.”

“ಬೇಡ ಅಬ್ಬಾ, ನೀವು ಕೂತ್ಕೊಳಿ.”

“ಓದ್ಲಿ ಬುಡಿ ಮೇಡಂ” ಅಂದ ಅಕೌಂಟ್ಸಿನ ಗುಮಾಸ್ತ. “ಸಾಬ್ರು ಅಷ್ಟು ದೂರದಿಂದ ಬಂದವ್ರೆ.”

ಅಬ್ಬ ಕನ್ನಡಕ ಒರೆಸಿಕೊಂಡು ಶುರು ಮಾಡಿದರು. ಅದೇ ಡಿಕ್ಟೇಷನ್ ದನಿ. “ಯಫ್, ಓ, ಆರ್. ಬ್ರಾಕಿಟ್ ಓಪನ್. ಐ, ಈಕ್ವಲ್, ವನ್. ಸಮಿಕೋಲನ್.” ಹಿಂದಿನ ಟೇಬಲ್ಲಿನಿಂದ ಯಾರೋ “ಸಮಿಕೋಲನ್” ಅಂತ ಮೆಲ್ಲಗೆ ಅಣಕಿಸಿದರು. ಇನ್ಯಾರೋ ಕಿಸಕ್ಕೆಂದರು. ನನ್ನ ಕಿವಿಯೆಲ್ಲ ಬಿಸಿಯಾಯಿತು. ಬೆರಳುಗಳು ಮಾತ್ರ ತಮ್ಮ ಪಾಡಿಗೆ ಓಡುತ್ತಿದ್ದವು. ಅಬ್ಬನ ಬಾಯಿಂದ ನನ್ನ ಬೆರಳಿಗೆ, ನಡುವೆ ತಲೆಯ ಹಂಗೇ ಇಲ್ಲದ ಹಾಗೆ.

ಕಂಪೈಲ್ ಮಾಡಿದೆ. ಪರದೆಯ ತುಂಬ ತಪ್ಪುಗಳು. ಎಲ್ಲ ಸಾಲುಗಳೂ ಒಂದೇ ರಾಗ: ಒಂದು ಅನ್‌ಡಿಫೈನ್ಡ್, ಒಂದು ಅನ್‌ಡಿಫೈನ್ಡ್.

ಗುಮಾಸ್ತ ಭುಜದ ಮೇಲಿಂದ ಇಣುಕಿದ. “ಲೋ, ಬಾರ್ಲಾ ಇಲ್ಲಿ! ಇಷ್ಟು ದೊಡ್ಡ ಮೆಷಿನ್ನಿಗೆ ಒಂದು ಅಂದ್ರೆ ಏನೂಂತ ಗೊತ್ತಿಲ್ವಂತೆ ಕಣ್ಲಾ!”

“ಎರಡು ಗೊತ್ತಂತಾ?”

“ಎರಡರ ಸುದ್ದೀನೇ ಎತ್ತಿಲ್ಲ ಬುಡು.”

ಓನರು ನಗಲಿಲ್ಲ. “ಏನ್ ಮೇಡಂ, ಗುಬ್ಬೀಲಿ ಕಾಫಿ ಕುಡಿಯೋದ್ರೊಳಗೆ ಆಗೋಯ್ತಂತೆ?”

ಹೆದರಿಕೆಯಾದಷ್ಟೂ ನನ್ನ ಇಂಗ್ಲಿಷು ಚೆಂದವಾಗುತ್ತದೆ. “ಇಟ್ ಈಸ್ ಎ ಡಿಫರೆಂಟ್ ಆಪರೇಟಿಂಗ್ ಸಿಸ್ಟಮ್, ಸರ್” ಅಂದೆ. ಎಲ್ಲವನ್ನೂ ಮತ್ತೆ ನೋಡಿದೆ. ಪರದೆಯ ಮೇಲೆ ಒಂದು ಒಂದರ ಹಾಗೇ ಇತ್ತು, ಸೊನ್ನೆ ಸೊನ್ನೆಯ ಹಾಗೇ. ಮತ್ತೆ ಕಂಪೈಲ್. ಮತ್ತೆ ಅದೇ ರಾಗ.

ಆಗ ಅಬ್ಬ ಹಾಳೆಗಳನ್ನು ಟೇಬಲ್ಲಿನ ಮೇಲಿಟ್ಟು ಓನರ ಮುಂದೆ ನಿಂತರು. “ಸಾರ್, ತಪ್ಪು ನಂದು. ನನ್ನ ಇಂಗ್ಲಿಷು ಸರಿ ಇಲ್ಲ. ಮಗಳದ್ದು ಕಾನ್ವೆಂಟ್ ಇಂಗ್ಲಿಷು. ನಾನು ಹೇಳಿದ್ದು ಅವಳಿಗೆ ಬೇರೆ ಥರ ಕೇಳ್ಸಿರಬೇಕು.”

ತಮ್ಮ ಇಂಗ್ಲಿಷು ಸರಿ ಇಲ್ಲ ಅಂತ ಅವರಿಗೆ ಯಾರು ಹೇಳಿದ್ದರು? ನಾನು ಬಾಯಿಬಿಟ್ಟು ಯಾವತ್ತೂ ಅಂದಿರಲಿಲ್ಲ. ಬ್ಯಾಚು ಬಿಟ್ಟ ಮೇಲೆ ಬನ್ರೇ ಅಂದದ್ದು, ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿದ್ದು, ಎಲ್ಲ ಅವರಿಗೆ ಗೊತ್ತಿತ್ತು. ವರ್ಷಗಟ್ಟಲೆ ಗೊತ್ತಿದ್ದೂ ಅದೇ ದನಿಯಲ್ಲಿ ಯಲ್ಲು, ಯಫ್ಫು ಅನ್ನುತ್ತಾ ನನ್ನನ್ನು ಓದಿಸಿದ್ದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಗುಮಾಸ್ತರ ನಗುವಿಗಲ್ಲ.

“ಇಲ್ಲ ಸರ್. ಅಬ್ಬ ಹೇಳಿದ್ದೆಲ್ಲ ನನಗೆ ಸರಿಯಾಗೇ ಕೇಳಿಸ್ತು” ಅಂದೆ. ಆವತ್ತು ನಾನು ಓನರ ಹತ್ತಿರ ಆಡಿದ ಮೊದಲ ಕನ್ನಡ.

“ಹಾಗಾದ್ರೆ ತಪ್ಪೆಲ್ಲಿ?”

“ಗೊತ್ತಿಲ್ಲ ಸರ್.”

ಅವರು ತಮ್ಮ ರೂಮಿಗೆ ಹೋದರು. ಬೆಂಗಳೂರಿಗೆ ಟ್ರಂಕ್‌ಕಾಲ್ ಬುಕ್ ಮಾಡುವ ದನಿ ಹೊರಗೆಲ್ಲ ಕೇಳಿಸಿತು.

“ಇನ್ನೊಂದ್ಸಲ ಓದ್ಲಾ ಬೇಟಾ?” ಅಂದರು ಅಬ್ಬ. ಈ ಸಲ ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ದನಿ. ಆ ಸಣ್ಣ ದನಿ ಕೇಳಲಾಗದೆ ನಾನು ಕಣ್ಣು ತಗ್ಗಿಸಿ ಕೀಗಳನ್ನು ನೋಡತೊಡಗಿದೆ, ಅವರು ಯಾವತ್ತೂ ನೋಡಬಾರದು ಅಂದಿದ್ದನ್ನು. “ಐ, ಈಕ್ವಲ್, ವನ್” ಅಂದರು. ನನ್ನ ಬಲಗೈ ಉಂಗುರದ ಬೆರಳು ತಾನೇತಾನಾಗಿ ಎಲ್ ಒತ್ತಿತು.

ಮೇಲಿನ ಸಾಲಿನಲ್ಲಿ, ಎಡತುದಿಯಲ್ಲಿ, ಒಂದರ ಕೀ ಸುಮ್ಮನೆ ಕೂತಿತ್ತು. ಬೆಳಗಿನಿಂದ ಅದನ್ನು ನಾನು ಮುಟ್ಟೇ ಇರಲಿಲ್ಲ. ಸೊನ್ನೆಯ ಕೀಯನ್ನೂ. ಡಿಪ್ಲೊಮಾ ಕ್ಲಾಸಿನಲ್ಲಿ ಕೀ ನೋಡಿಕೊಂಡು ನಿಧಾನಕ್ಕೆ ಒತ್ತುತ್ತಿದ್ದೆ, ಅಬ್ಬನ ಡಿಕ್ಟೇಷನ್ ಕೇಳಿದ್ದೇ ಬೆರಳುಗಳು ಹಳೆಯ ಮೆಷಿನ್ನಿಗೆ ಮರಳಿದ್ದವು. ಕಾಗದ ಒಪ್ಪಿದ್ದನ್ನು ಕಂಪ್ಯೂಟರ್ ಒಪ್ಪುವುದಿಲ್ಲ. ಅದಕ್ಕೆ ಎಲ್ ಎಲ್ಲೇ, ಒಂದು ಒಂದೇ.

ಅಬ್ಬನಿಗೆ ತೋರಿಸಿದೆ. ಅವರು ನನ್ನ ಬೆರಳನ್ನೇ ನೋಡಿದರು. “ನಾನೇ ಕಲ್ಸಿದ್ದು” ಅಂದರು.

“ಆ ಮೆಷಿನ್ನಿಗೆ ಅದೇ ಸರಿ ಅಬ್ಬಾ. ನಾನೇ ನೋಡ್ಕೋಬೇಕಿತ್ತು.”

ಎಲ್ಲ ಎಲ್ಲುಗಳನ್ನೂ ಒಂದು ಮಾಡುವ ಹಾಗಿಲ್ಲ, ನಿಜವಾದ ಎಲ್ಲುಗಳೂ ನಡುನಡುವೆ ಇದ್ದವು. ಒಂದೊಂದೇ ಸಾಲು ತಿದ್ದುತ್ತಾ ಹೋದೆವು. “ಇದು ಯಲ್ಲು, ಬಿಡು. ಇದು ವನ್.” ನಾವು ಮುಗಿಸುವಾಗ ಓನರ ಕಾರು ಹೋಗಿಯಾಗಿತ್ತು. ಗುಮಾಸ್ತ ಬೀಗದ ಕೈ ಹಿಡಿದು ಬಾಗಿಲಲ್ಲಿ ಆಕಳಿಸುತ್ತಿದ್ದ. ಕಂಪೈಲ್ ಒತ್ತಿದೆ. ಒಂದೂ ತಪ್ಪಿಲ್ಲ. ನಟ್ಟು ಬೋಲ್ಟುಗಳ ಸ್ಟಾಕೆಲ್ಲ ಅಳತೆಯ ಪ್ರಕಾರ ಸಾಲಾಗಿ ಪರದೆಯ ಮೇಲೆ ಇಳಿದು ಬಂತು.

“ಆಯ್ತಾ ಮೇಡಂ? ಬಾಗ್ಲು ಹಾಕ್ಬೇಕು.”

ಅವನು ನೋಡಲೂ ಇಲ್ಲ. ನೋಡಿದ್ದು ಅಬ್ಬ ಒಬ್ಬರೇ. ಅವರಿಗೆ ನಿಲ್ಲಿಸಲಾಗಲಿಲ್ಲ, ಹಳೆಯ ದನಿಯಲ್ಲೇ ಓದತೊಡಗಿದರು, “ಹಾಪ್ ಇಂಚ್ ಬೋಲ್ಟ್, ವನ್ ಇಂಚ್ ಬೋಲ್ಟ್...” ಖಾಲಿ ಆಫೀಸೆಲ್ಲ ಗುಂಯ್‌ಗುಟ್ಟಿತು. ತಟ್ಟನೆ ನನ್ನ ಮುಖ ನೋಡಿ ಸುಮ್ಮನಾದರು. “ಓದಿ ಅಬ್ಬಾ” ಅಂದೆ. “ಸಾಕು ಬೇಟಾ, ಬಸ್ಸಿದೆ” ಅಂದರು.

ಆ ಕೆಲಸ ಬೆಂಗಳೂರಿನಿಂದ ಬಂದ ಒಬ್ಬರಿಗೆ ಹೋಯಿತು. ಅವರು ಬಂದು ನೋಡಿದರೆ ಮಾಡ್ಯೂಲು ಆಗಲೇ ಓಡುತ್ತಿತ್ತಂತೆ. ಡೀಲರು ಇದನ್ನು ಒಂದು ತಮಾಷೆಯ ಹಾಗೆ ಹೇಳಿದರು. ನಾನು ಟೆಂಪರರಿಯಾಗಿಯೇ ಉಳಿದೆ.

ಅದರ ಮುಂದಿನ ವಾರ ಇನ್‌ಸ್ಟಿಟ್ಯೂಟಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳಿಗೆ ಅಬ್ಬ ಪಾಠ ಹೇಳುತ್ತಿದ್ದರು. ನಾನು ಮೆಟ್ಟಿಲು ಹತ್ತುತ್ತಿದ್ದೆ. “ಬಲಗೈ ಉಂಗುರದ ಬೆರಳು. ಎಲ್” ಅಂದರು. ಯಲ್ಲು ಅಲ್ಲ, ಎಲ್. ಸಿಸ್ಟರುಗಳ ಹಾಗೆ ನಾಲಿಗೆಯನ್ನು ಜೋಪಾನವಾಗಿ ಮೇಲಕ್ಕೊತ್ತಿ. “ಈ ಮೆಷಿನ್ನಿನಲ್ಲಿ ಇದೇ ಒಂದು. ಕಂಪ್ಯೂಟರಿನಲ್ಲಿ ಒಂದಕ್ಕೆ ಬೇರೆ ಕೀ ಇದೆ, ನಮ್ಮ ಮಗಳು ಹೇಳಿದಾಳೆ.”

ನಾನು ಅಲ್ಲೇ ನಿಂತೆ. ಹುಡುಗಿ ಟಕ್ ಟಕ್ ಅಂತ ಎಲ್ ಒತ್ತುತ್ತಿದ್ದಳು. ಅಬ್ಬ ಮೆಲ್ಲಗೆ, ತಮ್ಮಷ್ಟಕ್ಕೆ ತಾವೇ ಅನ್ನುವ ಹಾಗೆ, ಇನ್ನೊಂದು ಸಲ ಅಂದುಕೊಂಡರು, “ಎಲ್.” ಒಳಗೆ ಹೋಗಿ ಅವರ ಮುಖ ನೋಡುವ ಧೈರ್ಯ ಬರದೆ ನಾನು ಬಂದ ಮೆಟ್ಟಿಲುಗಳನ್ನೇ ಇಳಿದು, ಬಟ್ಟೆ ಅಂಗಡಿಯ ಮುಂದೆ ಬಿಸಿಲಲ್ಲಿ ನಿಂತುಕೊಂಡೆ.