ಅಂಕಿ ಕೆರೆದ ಚಕ್ರ

ಮೇಸ್ತ್ರಿಗೆ ಜಂಬವಿತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಮೂವತ್ತೆರಡು ವರ್ಷ ಮರಗೆಲಸ ಮಾಡಿದವನಿಗೆ ಒಂದಿಷ್ಟು ಜಂಬವಿದ್ದರೆ ಯಾರ ಗಂಟು ಹೋಗುತ್ತದೆ ಎಂದು ಅವನ ತಂಗಿಯೇ ಹೇಳುತ್ತಿದ್ದಳು. ಆದರೆ ಅವನದು ಕೈಯ ಜಂಬವಲ್ಲ, ಕಿವಿಯ ಜಂಬ. ಗರಗಸದ ಹಲ್ಲು ಮೊಂಡಾಗಿದೆಯೋ ಇಲ್ಲವೋ ಎಂಬುದನ್ನು ಅವನು ಬೀದಿಯಲ್ಲಿ ನಿಂತೇ ಹೇಳಿಬಿಡುತ್ತಿದ್ದ. ಪಕ್ಕದ ಬೀದಿಯ ವರ್ಕ್‌ಶಾಪಿನಲ್ಲಿ ಯಂತ್ರ ಅಪಸ್ವರ ತೆಗೆದರೆ, ಚಹಾ ಕುಡಿಯುತ್ತ ಕೂತಲ್ಲೇ "ಬೇರಿಂಗ್ ಹೋಗಿದೆ ಅವರದ್ದು, ಯಾರಾದ್ರೂ ಹೋಗಿ ಹೇಳಿ" ಎಂದು ತೀರ್ಪು ಕೊಡುತ್ತಿದ್ದ. ನೂರಕ್ಕೆ ತೊಂಬತ್ತು ಸಲ ಅದು ನಿಜವಾಗುತ್ತಿತ್ತು. ಉಳಿದ ಹತ್ತು ಸಲದ ಮಾತನ್ನು ಅವನೆದುರು ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಕಸುಬಿನವರೆಲ್ಲ ಅವನನ್ನು ಕಿವಿಮೇಸ್ತ್ರಿ ಎಂದೇ ಕರೆಯುತ್ತಿದ್ದರು.

ಆರು ವರ್ಷದ ಹಿಂದೆ ಅವನ ವರ್ಕ್‌ಶಾಪಿಗೆ ದೊಡ್ಡ ರೌಟರ್ ಬಂತು. ಮೇಜಿನಡಿಯಲ್ಲಿ ತಲೆಕೆಳಗಾಗಿ ಕೂತು, ಮೇಜಿನ ನಡುವಿನ ತೂತಿನಿಂದ ತಿರುಗುವ ಅಲಗನ್ನು, ಅಂದರೆ ಬಿಟ್ಟನ್ನಷ್ಟೇ ಹೊರಗೆ ಚಾಚಿ, ಹಲಗೆಯ ಅಂಚನ್ನು ಕೊರೆಯುವ ಯಂತ್ರ ಅದು. ಅದರ ಹೊಟ್ಟೆಯ ಬದಿಗೆ ವೇಗ ಏರಿಸಿ ಇಳಿಸುವ ಚಿಕ್ಕ ಚಕ್ರ, ಚಕ್ರದ ಮೇಲೆ ಒಂದರಿಂದ ಆರರವರೆಗೆ ಅಂಕಿ. ಯಂತ್ರ ನೋಡಲು ಬಂದಿದ್ದ ಏಳೆಂಟು ಮಂದಿ ಬಡಗಿಗಳ ಎದುರಿನಲ್ಲಿ ಮೇಸ್ತ್ರಿ ಸಣ್ಣ ಉಳಿ ತೆಗೆದುಕೊಂಡು ಆ ಆರು ಅಂಕಿಗಳನ್ನೂ ಕೆರೆದು ಹಾಕಿದ.

"ಅಂಕಿ ನೋಡ್ಕೊಂಡು ಕೆಲಸ ಮಾಡೋಕೆ ನಾನೇನು ಗುಮಾಸ್ತನಾ?"

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ತಂಗಿಯೂ ನಕ್ಕಳು. ಇದ್ದಬದ್ದ ಅಂಕಿಯನ್ನು ಅಳಿಸಿ ಶಭಾಷ್‌ಗಿರಿ ತೆಗೆದುಕೊಂಡ ಮನುಷ್ಯನನ್ನು ನಾನು ಬೇರೆಲ್ಲೂ ಕಂಡಿಲ್ಲ.

ತಂಗಿಯ ಬಗ್ಗೆ ಹೇಳಬೇಕು. ಹತ್ತೊಂಬತ್ತು ವರ್ಷದ ಹಿಂದೆ ಮೇಸ್ತ್ರಿ ಏಣಿಯಿಂದ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡಾಗ, ಚಪ್ಪಲಿ ಕಾರ್ಖಾನೆಯ ಕೆಲಸಕ್ಕೆ ಒಂದು ತಿಂಗಳು ರಜೆ ಹಾಕಿ ಅಣ್ಣನಿಗೆ ಕೈಜೋಡಿಸಲು ಬಂದವಳು. ಆ ಒಂದು ತಿಂಗಳು ಇನ್ನೂ ಮುಗಿದಿಲ್ಲ. ಮಣಿಕಟ್ಟು ಕೂಡಿತು, ಆದರೆ ಹಲಗೆಯನ್ನು ಒಂದೇ ಸಮನೆ ಒತ್ತಿ ತಳ್ಳುವ ಕಸುವು ವಾಪಸಾಗಲಿಲ್ಲ. ಹಾಗಾಗಿ ಯಂತ್ರದ ಬಾಯಿಗೆ ಮರ ಕೊಡುವ ಕೆಲಸ ಅವಳದಾಯಿತು. ಹಲಗೆ ಒರಗಿಸುವ ಫೆನ್ಸಿನ ಪಟ್ಟಿ ಕೂರಿಸುವುದು, ಅಳತೆ ಹಿಡಿಯುವುದು, ತಳ್ಳುವುದು ತಂಗಿ. ವೇಗ ಅಣ್ಣ. ಹೀಗೆಂದು ಯಾರೂ ಕೂತು ಪಾಲು ಮಾಡಿರಲಿಲ್ಲ. ಯಂತ್ರ ಶುರುವಾದ ಮೇಲೆ ಅವಳು ಪ್ರತಿಸಲವೂ "ಸರಿ ಇದ್ಯಾ ಅಣ್ಣ?" ಎಂದು ಕೇಳುತ್ತಿದ್ದಳು. ಅವನು ತಲೆಯಾಡಿಸಿದ ಮೇಲೆಯೇ ಮರ ಮುಂದೆ ಹೋಗುತ್ತಿತ್ತು. ಮೊದಲ ದಿನದಿಂದಲೂ ಅವಳು ಕಿವಿಗೆ ಹತ್ತಿ ಇಟ್ಟುಕೊಳ್ಳುವವಳು. ಅಣ್ಣ ಅದನ್ನು ಆಡಿಕೊಳ್ಳುತ್ತಿದ್ದ.

ಹೋದ ವರ್ಷ ಮೇಸ್ತ್ರಿಯ ಮನೆಯಲ್ಲಿ ಗೋಡೆ ಗಡಿಯಾರದ ಟಿಕ್‌ಟಿಕ್ ನಿಂತುಹೋಯಿತು. ಹೊಸ ಸೆಲ್ಲು ಹಾಕಿದ, ಆದರೂ ಸದ್ದಿಲ್ಲ. ಮುಳ್ಳು ಮಾತ್ರ ತಿರುಗುತ್ತಿತ್ತು. ಆಮೇಲೆ ಕೆಟಲಿನ ಸಿಳ್ಳೆ ಹೋಯಿತು, ಬಾಗಿಲ ಗಂಟೆ ಹೋಯಿತು. ಯಾರಿಗೂ ಹೇಳದೆ ಕಿವಿ ಡಾಕ್ಟರ ಬಳಿ ಹೋದ. ಅವರು ಗೆರೆ ಎಳೆದ ಕಾಗದವೊಂದನ್ನು ಮುಂದಿಟ್ಟು, "ದಪ್ಪ ಸದ್ದು ಚೆನ್ನಾಗೇ ಕೇಳಿಸುತ್ತೆ ನಿಮಗೆ. ಮೇಲಿನ ಸಣ್ಣ ಸದ್ದು ಪೂರ್ತಿ ಹೋಗಿದೆ. ಹೋಗಿದ್ದು ವಾಪಸ್ ಬರಲ್ಲ. ಯಂತ್ರದ ಹತ್ತಿರ ಕಿವಿಗೆ ಏನೂ ಇಟ್ಕೊಳ್ತಿರ್ಲಿಲ್ವಾ?" ಎಂದರು.

ಇಟ್ಟುಕೊಂಡರೆ ಕೇಳಿಸುವುದು ಹೇಗೆ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡ. ಕಾಗದವನ್ನು ಮಡಚಿ, ಉಳಿಗಳ ಡ್ರಾಯರಿನಲ್ಲಿ ಮಸೆಗಲ್ಲಿನ ಅಡಿ ಸೇರಿಸಿದ. ಆಗ ಕೈಯಲ್ಲಿದ್ದದ್ದೆಲ್ಲ ಚಿಕ್ಕ ಬಿಟ್ಟಿನ ಕೆಲಸ. ಚಿಕ್ಕ ಬಿಟ್ಟಿಗೆ ವೇಗ ಹೆಚ್ಚಿದ್ದರೇ ಒಳ್ಳೆಯದು, ಚಕ್ರವನ್ನು ತುದಿಗೆ ತಿರುಗಿಸಿಬಿಟ್ಟರೆ ಮುಗಿಯಿತು. ಒಂದು ವರ್ಷ ಹೀಗೆ ತಳ್ಳಿದ.

ಆಮೇಲೆ ಲೈಬ್ರರಿಯ ಕಪಾಟುಗಳ ಕೆಲಸ ಬಂತು. ಇಪ್ಪತ್ನಾಲ್ಕು ಬಾಗಿಲು, ಪ್ರತಿ ಬಾಗಿಲಿಗೂ ನಡು ಉಬ್ಬಿ ಅಂಚು ಇಳಿಜಾರಾದ ಹಲಗೆ. ಅದಕ್ಕೆ ಅಂಗೈಯಗಲದ ಬಿಟ್ ಬೇಕು. ಅಷ್ಟು ದೊಡ್ಡ ಬಿಟ್ಟನ್ನು ಪೂರ್ತಿ ವೇಗದಲ್ಲಿ ಬಿಟ್ಟರೆ ಅದು ಮರ ಕೊರೆಯುವುದಿಲ್ಲ, ಮರವನ್ನು ಕಿತ್ತು ಎಸೆಯುತ್ತದೆ. ತೀರಾ ನಿಧಾನ ಮಾಡಿದರೆ ಆ ಯಂತ್ರ ಏದುಸಿರು ಬಿಟ್ಟು ಮರವನ್ನು ಸುಡುತ್ತದೆ. ಇವೆರಡರ ನಡುವೆ ಕೂದಲೆಳೆಯಷ್ಟು ಜಾಗ.

ಅಂದು ಬೆಳಗ್ಗೆ ಇಬ್ಬರೂ ಮೇಜು ಅಣಿ ಮಾಡಿದರು. ಪ್ಲಗ್ ಕಿತ್ತಿಟ್ಟು, ತೂತಿನ ಸುತ್ತಲಿನ ಚಿಕ್ಕ ಬಳೆ ತೆಗೆದು ದೊಡ್ಡದನ್ನು ಕೂರಿಸಿದರು. ಮೇಸ್ತ್ರಿ ಬಿಟ್ಟಿನ ಕಾಲನ್ನು ಯಂತ್ರದ ಕುಳಿಯಲ್ಲಿ ತಳ ಮುಟ್ಟುವವರೆಗೆ ಇಳಿಸಿ, ಮತ್ತೆ ಚೂರು ಮೇಲೆತ್ತಿ, ಎರಡು ಸ್ಪ್ಯಾನರ್ ಹಾಕಿ ಬಿಗಿದ. ತಂಗಿ ಫೆನ್ಸಿನ ಎರಡು ತುಂಡುಗಳನ್ನು ಅಗಲಿಸಿ, ಬಿಟ್ಟನ್ನು ಬೆರಳಿನಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲವೆಂದು ನೋಡಿದಳು. ಮೊದಲ ಸಲಕ್ಕೆ ಉಗುರಿನ ದಪ್ಪದಷ್ಟೇ ಕೊರೆಯುವಂತೆ ಫೆನ್ಸನ್ನು ಮುಂದಕ್ಕೆ ತಂದಳು. ಹಲಗೆ ಎಗರದಂತೆ ಒತ್ತಿ ಹಿಡಿಯಲು ಹಲ್ಲು ಹಲ್ಲಾಗಿ ಸೀಳಿದ ಮರದ ತುಂಡೊಂದಿರುತ್ತದೆ, ಅವರು ಅದಕ್ಕೆ ಬಾಚಣಿಗೆ ಎನ್ನುತ್ತಿದ್ದರು. ಅದನ್ನೂ ಬಿಗಿದಳು. ಕಿವಿಗೆ ಹತ್ತಿ ತುರುಕಿ, ಬೆರಳು ಬಿಟ್ಟಿನ ಹತ್ತಿರ ಸುಳಿಯದಂತೆ ಹಿಡಿಕೆಯಿರುವ ತಳ್ಳುಮಣೆಗಳನ್ನು ಎರಡೂ ಕೈಗೆ ತೆಗೆದುಕೊಂಡಳು.

ಮೇಸ್ತ್ರಿ ಯಂತ್ರ ಹಾಕಿ, ಬಗ್ಗಿ, ಚಕ್ರವನ್ನು ಕೆಳತುದಿಯಿಂದ ಏರಿಸತೊಡಗಿದ. ಗುಂಯ್ ಎಂಬ ದಪ್ಪ ಸದ್ದು ಬಂತು. ಅದರ ಮೇಲೆ ಸಣ್ಣಗೆ ಒಂದು ದನಿಯ ಎಳೆ ಏಳಬೇಕು, ಎದ್ದ ತಕ್ಷಣ ನಿಲ್ಲಿಸಬೇಕು, ಲೆಕ್ಕ ಅಷ್ಟೇ. ಎಳೆ ಬರಲಿಲ್ಲ. ಇನ್ನೂ ಸ್ವಲ್ಪ ತಿರುಗಿಸಿದ. ಬರಲಿಲ್ಲ. ಇನ್ನೂ ಸ್ವಲ್ಪ. ಕೊನೆಗೆ ಇಲ್ಲೇ ಇರಬೇಕು ಎಂದು ಕೈ ತೆಗೆದು ಎದ್ದು ನಿಂತ.

"ಸರಿ ಇದ್ಯಾ ಅಣ್ಣ?" ಎಂದವಳು ಹುಬ್ಬು ಗಂಟಿಕ್ಕಿ, "ಸ್ವಲ್ಪ ಜಾಸ್ತಿ ಕೂಗ್ತಿದೆ ಅನ್ಸುತ್ತೆ" ಎಂದಳು.

"ದೊಡ್ಡ ಬಿಟ್ ಅಲ್ವಾ, ಕೂಗದೆ ಇರುತ್ತಾ? ನಿಂಗೆ ಯಾವತ್ತಿಂದ ಬಂತು ಕಿವಿ?"

ಅವಳು ನಕ್ಕಳು. ಅವನು ತಲೆಯಾಡಿಸಿದ. ಅವಳು ಹಲಗೆಯನ್ನು ಬಲದಿಂದ ಎಡಕ್ಕೆ ತಳ್ಳಿದಳು.

ಒಂದು ಗೇಣು ಹೋಗಿರಬೇಕು. ಮೇಜು ತಡತಡ ನಡುಗಿತು. ಹಲಗೆ ಅವಳ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹಾರಿ, ಗೋಡೆಗೆ ಬಡಿದು ಎರಡು ಹೋಳಾಯಿತು. ಅವಳ ಎಡಗೈ ಮುಂದಕ್ಕೆ ಜಾರಿತು. ಮೇಸ್ತ್ರಿ ಸ್ವಿಚ್ ಆರಿಸಿದ. ಬಿಟ್ ನಿಲ್ಲುವವರೆಗೆ ಇಬ್ಬರೂ ಅಲುಗಾಡಲಿಲ್ಲ.

ಕೈಗೆ ಏನೂ ಆಗಿರಲಿಲ್ಲ. ಎಡಗೈಯ ತಳ್ಳುಮಣೆಯ ಒಂದು ಮೂಲೆ ಇರಲಿಲ್ಲ, ಅಷ್ಟೇ. ಕಿರುಬೆರಳಿನ ಉದ್ದದಷ್ಟು ಮರವನ್ನು ಬಿಟ್ ನುಣ್ಣಗೆ ತಿಂದುಹಾಕಿತ್ತು. ಮೇಸ್ತ್ರಿಗೆ ತಂಗಿಯ ಮೇಲೆ ಪ್ರಾಣ, ಅದರಲ್ಲಿ ಎರಡು ಮಾತಿಲ್ಲ. ಆದರೂ ಅವನ ಬಾಯಿಂದ ಬಂದದ್ದು ಇದು:

"ಬಾಚಣಿಗೆ ಬಿಗಿ ಮಾಡಿದ್ಯಾ?"

ಅವಳ ಮುಖ ಸಣ್ಣದಾಯಿತು. "ಮಾಡಿದ್ದೆ ಅಂದ್ಕೊಂಡಿದ್ದೆ" ಎಂದಳು. ಹೋಗಿ ತಿರುಪನ್ನು ಮುಟ್ಟಿ ನೋಡಿದಳು. ಅದು ಬಿಗಿಯಾಗಿಯೇ ಇತ್ತು. ಆದರೂ ಇನ್ನರ್ಧ ಸುತ್ತು ತಿರುಗಿಸಿದಳು. "ಅರ್ಧ ಸುತ್ತು ಸಡಿಲ ಇತ್ತೇನೋ. ತಪ್ಪಾಯ್ತು ಅಣ್ಣ. ಒಂದು ಹಲಗೆ ದಂಡ ಆಯ್ತು."

ಅವಳು ಗೋಡೆಯ ಬುಡದಿಂದ ಹೋಳುಗಳನ್ನು ಆರಿಸಿ ಮೂಲೆಗಿಟ್ಟಳು. ಬೇರೆ ತಳ್ಳುಮಣೆ ತಂದಳು. ಹೊಸ ಹಲಗೆ ಇಟ್ಟು, ಕಾಲು ಗಟ್ಟಿಯಾಗಿ ಊರಿ ನಿಂತು, ಗಲ್ಲವೆತ್ತಿ "ಹಾಕು" ಎಂದಳು. ತಳ್ಳುಮಣೆಯ ಹಿಡಿಕೆಯನ್ನು ಅವಳು ಎರಡೆರಡು ಸಲ ಹಿಡಿದು ನೋಡಿದ್ದನ್ನು ಅವನು ಕಂಡ. ಅವಳು ಹೆದರಿದ್ದಳು, ಆದರೂ ನಿಂತಿದ್ದಳು. ಯಾಕೆಂದರೆ ತಪ್ಪು ತನ್ನದು, ಅದನ್ನು ಸರಿಮಾಡಿಯಾಗಿದೆ, ವೇಗ ಅಣ್ಣನದು.

ಸ್ವಿಚ್ಚಿನ ಮೇಲಿದ್ದ ಅವನ ಹೆಬ್ಬೆರಳು ಮೇಲೇಳಲಿಲ್ಲ, ಒತ್ತಲೂ ಇಲ್ಲ.

"ನಂಗೆ ಕೇಳಿಸಲ್ಲ" ಎಂದ.

"ಹಾಕು ಅಂದೆ!" ಅವಳು ಜೋರಾಗಿ ಹೇಳಿದಳು.

"ಅದಲ್ಲ. ಅದು ಕೇಳಿಸ್ತು." ಅವನು ಬಗ್ಗಿ ಪ್ಲಗ್ ಕಿತ್ತ. ಡ್ರಾಯರ್ ಎಳೆದು ಮಸೆಗಲ್ಲಿನಡಿಯ ಕಾಗದ ತೆಗೆದು ಅವಳ ಕೈಗಿಟ್ಟ. ಕಾಗದಕ್ಕೆ ಎಣ್ಣೆಯ ಕಲೆ ಹತ್ತಿತ್ತು. ಅವಳು ಕನ್ನಡಕ ಹಾಕಿಕೊಂಡು ಗೆರೆಗಳನ್ನು ನೋಡಿದಳು, ಕೆಳಗೆ ಡಾಕ್ಟರು ಬರೆದದ್ದನ್ನು ಓದಿದಳು, ಮತ್ತೆ ಮೇಲೆ ತಾರೀಖು ನೋಡಿದಳು. ಎರಡೂ ಕಿವಿಯ ಹತ್ತಿ ತೆಗೆದು ಜೇಬಿಗೆ ಹಾಕಿಕೊಂಡಳು.

"ಹೋದ ವರ್ಷದ್ದು ಇದು."

"ಹೂಂ."

"ಕಿವಿ ಹೋದ್ರೆ ಹೋಗ್ಲಿ ಅಣ್ಣ. ಈ ಕೆಲಸದಲ್ಲಿ ಯಾರಿಗೆ ಹೋಗಿಲ್ಲ? ಹೇಳಿದ್ರೆ ನಾನೇನು ಊರಿಗೆಲ್ಲ ಡಂಗುರ ಹೊಡೀತಿದ್ನಾ?" ಅವಳ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. "ಬಾಚಣಿಗೆ ಬಿಗಿ ಮಾಡಿದ್ಯಾ ಅಂತ ಕೇಳಿದ್ಯಲ್ಲ. ಆಗ ನಾನು ತಪ್ಪಾಯ್ತು ಅಂದೆ. ಅದು ಕೇಳಿಸ್ತಾ?"

ಮೇಸ್ತ್ರಿ ನೆಲ ನೋಡಿದ. "ಕೇಳಿಸ್ತು."

ಅವಳು ಕಾಗದವನ್ನು ಇದ್ದ ಮಡಿಕೆಯಲ್ಲೇ ಮಡಚಿ ಅವನಿಗೆ ವಾಪಸ್ ಕೊಟ್ಟಳು. ಮೇಜಿನಡಿ ಕೂತು ಚಕ್ರವನ್ನು ಕೆಳತುದಿಗೆ ಇಳಿಸಿದಳು. ಈ ಆರು ವರ್ಷದಲ್ಲಿ ಅವಳು ಅದನ್ನು ಮುಟ್ಟಿದ್ದು ಅದೇ ಮೊದಲು. ಅಂಕಿ ಕೆರೆದ ಜಾಗ ಒರಟೊರಟಾಗಿ ಬೆರಳಿಗೆ ತಾಗಿರಬೇಕು, ಒಂದು ಗಳಿಗೆ ಅಲ್ಲೇ ಸವರಿದಳು.

"ಎಲ್ಲಿ ನಿಲ್ಲಿಸ್ಬೇಕು, ಹೇಳು."

ಅವನು ಯಾರಿಗೂ ಹೇಳಿಕೊಟ್ಟವನಲ್ಲ. ಮಾತು ತಡವರಿಸಿತು. "ಮೊದಲು ಗುಂಯ್ ಅಂತಿರುತ್ತೆ. ಅದು ಬಿಡು. ಅದರ ಮೇಲೆ ಒಂದು ಎಳೆ ಬರುತ್ತೆ, ತುಂಬಾ ಸಣ್ಣದು. ದೂರದಲ್ಲಿ ಯಾರೋ ಒಂದೇ ಉಸಿರಲ್ಲಿ ರಾಗ ಎಳೆದ ಹಾಗೆ. ಶುರುವಾದ ಕೂಡ್ಲೇ ಕೈ ತೆಗಿ."

ಪ್ಲಗ್ ಹಾಕಿ ಯಂತ್ರ ಶುರುಮಾಡಿದರು. ಅವಳು ಕಣ್ಣು ಮುಚ್ಚಿಕೊಂಡು ತಿರುಗಿಸಿದಳು. ಮೇಸ್ತ್ರಿಯೂ ಉಸಿರು ಬಿಗಿಹಿಡಿದು ಕಿವಿಗೊಟ್ಟ. ಅವನಿಗೆ ಗುಂಯ್ ಎನ್ನುವುದಷ್ಟೇ ಇತ್ತು. ಅವಳ ಕೈ ಥಟ್ಟನೆ ನಿಂತಿತು.

"ಬಂತು" ಎಂದಳು.

ಯಂತ್ರ ಆರಿಸಿ, ಗುರುತು ಹಾಕುವ ಚೂರಿಯಿಂದ ಚಕ್ರದ ಮೇಲೆ ಆ ಜಾಗದಲ್ಲಿ ಆಳವಾಗಿ ಒಂದು ಗೀರು ಎಳೆದಳು. ಆಮೇಲೆ ಎದ್ದು, ಹತ್ತಿ ತುರುಕಿಕೊಂಡು, ತಳ್ಳುಮಣೆ ಹಿಡಿದು ನಿಂತಳು. ಅವನು ಸ್ವಿಚ್ ಒತ್ತಿದ. ಮೇಜು ಅಲುಗಲಿಲ್ಲ.

ಮೇಸ್ತ್ರಿ ಅವಳ ಪ್ರಶ್ನೆಗೆ ಕಾದ. ತಲೆಯಾಡಿಸಲು ಕತ್ತು ತಾನಾಗಿ ಸಿದ್ಧವಾಗಿತ್ತು. ಪ್ರಶ್ನೆ ಬರಲಿಲ್ಲ. ಕೇಳಿರಬಹುದು, ತನಗೇ ಕೇಳಿಸಲಿಲ್ಲವೇನೋ ಎಂದು ಅವಳ ತುಟಿಯನ್ನು ನೋಡಿದ. ತುಟಿ ಬಿಗಿಯಾಗಿ ಮುಚ್ಚಿತ್ತು. ಅವಳು ಅವನ ಕಡೆ ನೋಡದೆ ಹಲಗೆಯನ್ನು ಮುಂದಕ್ಕೆ ತಳ್ಳಿದಳು.