ಬಾಣಂತಿ ಮನೆಯ ರಾಣಿ ಇರುವೆ

ಮಗಳು ಹುಟ್ಟಿದ ಮೂರನೇ ದಿನ, ತಾರ್ನಾಕದ ನಮ್ಮ ಬಾಡಿಗೆ ಮನೆಯ ಮಾಳಿಗೆಯ ಮೇಲೆ ರೆಕ್ಕೆ ಕಳಚಿಕೊಂಡ ದಪ್ಪ ಕರಿ ಇರುವೆಯೊಂದು ಸಿಕ್ಕಿತು. ರಾಣಿ! ಖಾಲಿ ಔಷಧಿ ಸೀಸೆಯಲ್ಲಿ ಒದ್ದೆ ಹತ್ತಿ ಇಟ್ಟು ಒಳಗೆ ಬಿಟ್ಟೆ. ಆಗ ನಾನು ಸಾಫ್ಟ್‌ವೇರ್ ಕಂಪನಿಯಲ್ಲಿ ಬೇರೆಯವರು ಬರೆದ ಪ್ರೋಗ್ರಾಮಿನ ತಪ್ಪು ಹುಡುಕುವ ಕೆಲಸದಲ್ಲಿದ್ದೆ. ಹೆರಿಗೆಗೆಂದು ರಜೆ ಹಾಕಿದ್ದೆನಾದರೂ ಹುಡುಕುವ ಚಟ ರಜೆ ಹಾಕಿರಲಿಲ್ಲ.

ಬಾಣಂತನಕ್ಕೆ ಬೀದರಿನಿಂದ ಬಂದಿದ್ದ ಅತ್ತೆಯ ಮುಂದೆ ಜಂಬ ಕೊಚ್ಚಿದೆ: ಇದು ಬಡಗಿ ಇರುವೆ, ಕಟ್ಟಿಗೆ ಕೊರೆದು ಗೂಡು ಮಾಡುತ್ತದೆ. ಅಲ್ಲಿಗೆ ಕೆಲಸ ಕೆಟ್ಟಿತು.

"ಅಳಿಯಂದ್ರ, ನಾ ತಂದ ತೊಟ್ಲಾ ಸಾಗವಾನೀದೈತಿ. ಅದರಾಗ ನಾನೂ ಮಲಗೀನಿ, ನಿಮ್ಮ ಹೆಣ್ತೀನೂ ಮಲಗ್ಯಾಳ. ಇದನ್ನ ಹೊರಗ ಒಗೀರಿ."

ಬಡಗಿ ಇರುವೆಗಳಲ್ಲಿ ನೂರಾರು ಜಾತಿ, ಕೆಲವು ಮಣ್ಣಿನಲ್ಲೇ ಇರುತ್ತವೆ ಎಂದು ಗೋಗರೆದೆ.

"ಹಂಗಾದ್ರ ಇದು ಯಾವ ಜಾತೀದು ಅಂತ ಕೂಸಿನ್ನ ತೊಟ್ಲಾಗ ಹಾಕೂದರೊಳಗ ಹೇಳ್ರಿ. ಇಲ್ಲಾಂದ್ರ ಬಿಸಿನೀರ ಹೊಯ್ತೀನಿ."

ನಾಮಕರಣಕ್ಕೆ ಒಂಬತ್ತು ದಿನವಿತ್ತು. ದಿನಾ ಇಂಟರ್ನೆಟ್ ಸೆಂಟರಿಗೆ ಓಡಿದೆ. ಇರುವೆ ಸಾಕುವವರ ಜಾಲತಾಣದಲ್ಲಿ ಫೋಟೋ ಹಾಕಿದರೆ ಮಸುಕಾಗಿದೆ ಎಂದರು. ಸೊಂಟದ ಗಂಟು ಒಂದೋ ಎರಡೋ, ಉದ್ದ ಎಷ್ಟು ಮಿಲಿಮೀಟರು, ಕಾಲಿನ ಬಣ್ಣವೇನು ಎಂದು ಕೇಳಿದರು. ಸಂಬಂಧ ನೋಡುವವರೂ ಇಷ್ಟು ಕೇಳುವುದಿಲ್ಲ. ಭೂತಗನ್ನಡಿ, ಸ್ಕೇಲು, ಚಿಮಟ ಹಿಡಿದು ಕೂತೆ. ಕೂಸಿನ ಹೆಸರು ಆರಿಸುವುದನ್ನು ಹೆಂಡತಿ ನನಗೇ ಬಿಟ್ಟಿದ್ದಳು. ಕೇಳಿದಾಗೆಲ್ಲ "ನೋಡೋಣಂತ" ಎನ್ನುತ್ತಿದ್ದೆ.

ನಾಮಕರಣದ ಬೆಳಿಗ್ಗೆ ಉತ್ತರ ಬಂತು, ಇರುವೆಯ ಲ್ಯಾಟಿನ್ ಹೆಸರಿನ ಸಮೇತ. ನಮ್ಮ ದೇಶದ ಸಾಮಾನ್ಯ ಜಾತಿ, ಮರದ ಬುಡದ ಮಣ್ಣಿನಲ್ಲಿ ಗೂಡು. ರಾಣಿ ಬದುಕಿದಳು! ಏದುಸಿರು ಬಿಡುತ್ತಾ ಮನೆಗೆ ಓಡಿ ಬಂದರೆ ಶಾಸ್ತ್ರ ಶುರುವಾಗಿಬಿಟ್ಟಿತ್ತು. ನಮ್ಮಲ್ಲಿ ಸೋದರತ್ತೆ ಕೂಸಿನ ಕಿವಿಯಲ್ಲಿ ಹೆಸರು ಹೇಳಿ 'ಕುರ್ರ್' ಎನ್ನಬೇಕು, ಒಡನೆ ಹೆಂಗಸರೆಲ್ಲ ಆಕೆಯ ಬೆನ್ನಿಗೆ ಗುದ್ದಬೇಕು. ನನ್ನ ತಂಗಿ ತೊಟ್ಟಿಲ ಮೇಲೆ ಬಗ್ಗಿ ಕಾಯುತ್ತಿದ್ದಳು.

"ಅಣ್ಣಾ, ಲಗೂನ ಹೇಳು, ಏನ ಹೆಸರು?"

"ಕ್ಯಾಂಪೊನೋಟಸ್ ಕಂಪ್ರೆಸಸ್!"

ಅಣ್ಣ ಭಾರಿ ಓದಿದವನೆಂದು ನಂಬಿದ್ದ ತಂಗಿ ತಡವರಿಸುತ್ತಲೇ ಅದನ್ನು ಕಿವಿಯಲ್ಲಿ ಹೇಳಿ 'ಕುರ್ರ್' ಎಂದಳು. ಧಬಧಬ ಗುದ್ದು ಬಿದ್ದವು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು.

"ಮಣ್ಣಿನ ಜಾತಿ ಐತ್ರಿ," ಎಂದೆ ಅತ್ತೆಗೆ. "ಕಟಗಿ ಮುಟ್ಟೂದಿಲ್ಲ."

ಮೊದಲು ನಕ್ಕವಳು ಹೆಂಡತಿ. ಹೊಲಿಗೆ ನೋಯುತ್ತದೆಂದು ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ನೀರು ಮಾತ್ರ ನಗು ನಿಂತ ಮೇಲೂ ನಿಲ್ಲಲಿಲ್ಲ.

"ಒಂಬತ್ತ ದಿನ ಆ ಇರಬಿ ಸೊಂಟ ಅಳದೀರಿ. ಮಗಳನ್ನ ಒಮ್ಮ್ಯಾರ ಎತ್ಕೊಂಡೀರೇನ್ರಿ?"

ಎತ್ತಿಕೊಂಡಿರಲಿಲ್ಲ. ಕೈಜಾರಿ ಬಿದ್ದಾಳೆಂದು ನನಗೆ ವಿಪರೀತ ಭಯ. ಇರುವೆಯನ್ನಾದರೆ ಚಿಮಟದಲ್ಲಿ ಹಿಡಿಯಬಹುದಿತ್ತು.