ಮೊಣಕಾಲಿನ ಪಟ್ಟಾ, ನನ್ನ ಹೊಟ್ಟೆಕಿಚ್ಚು

ನನ್ನ ಗಂಡನ ಮೊಣಕಾಲಿನ ಕೀಲನ್ನು ಹಿಡಿದಿಡುವ ನಾರು ಹರಿದದ್ದು ನಾವು ಮದುವೆಯಾದ ಎರಡನೆಯ ವರ್ಷ. ಎಂಬತ್ತರ ದಶಕ ಆಗ ತಾನೆ ಶುರುವಾಗಿತ್ತು. ಅವರು ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗ ರಿಪೇರಿ ಮಾಡುತ್ತಿದ್ದರು. ಒಂದು ದಿನ ಮಗ್ಗದ ಕೆಳಗೆ ಪಾದ ಸಿಕ್ಕಿಕೊಂಡಿದ್ದಾಗಲೇ ಯಾರೋ ಹಿಂದಿನಿಂದ ಕರೆದರೆಂದು ತಿರುಗಿದರು. ಮೈ ತಿರುಗಿತು, ಪಾದ ತಿರುಗಲಿಲ್ಲ. ಅಷ್ಟು ಗದ್ದಲದಲ್ಲೂ ತಮಗೆ ‘ಕಟ್’ ಎಂದು ಕೇಳಿಸಿತೆಂದು ಎಷ್ಟೋ ವರ್ಷ ಹೇಳುತ್ತಿದ್ದರು.

ಆರು ವಾರ ಪ್ಲಾಸ್ಟರ್ ಹಾಕಿದರು. ಗಡಹಿಂಗ್ಲಜದ ಮಗ್ಗುಲಿನ ಹಳ್ಳಿಯಿಂದ ಬಂದ ನನಗೆ ಇಚಲಕರಂಜಿಯಲ್ಲಿ ನನ್ನವರು ಅಂತ ಬೇರೆ ಯಾರೂ ಇರಲಿಲ್ಲ. ಅದಕ್ಕೆ ಮೊದಲು ಗಂಡ ಬೆಳಿಗ್ಗೆ ಹೋದವರು ಕತ್ತಲಾದ ಮೇಲೆ ಬರುತ್ತಿದ್ದರು. ಈಗ ಹಗಲೆಲ್ಲ ಮನೆಯಲ್ಲಿ. ನಾನು ಹೆಗಲು ಕೊಟ್ಟರೆ ಏಳಬೇಕು, ನಾನು ನೀರು ಕೊಟ್ಟರೆ ಕುಡಿಯಬೇಕು. ಹೇಳಬಾರದು, ಆದರೂ ಹೇಳುತ್ತೇನೆ: ಆ ಆರು ವಾರ ನನಗೆ ಸುಖವಾಗಿತ್ತು.

ಪ್ಲಾಸ್ಟರ್ ಬಿಚ್ಚಿದಾಗ ತೊಡೆ ಸೊರಗಿ ಹೋಗಿತ್ತು. ನಿಂತರೆ ಮೊಣಕಾಲು ಪಕ್ಕಕ್ಕೆ ಜಾರುತ್ತಿತ್ತು. ಕೊಲ್ಹಾಪುರದ ಡಾಕ್ಟರು ಒಂದು ಪಟ್ಟಾ ಬರೆದುಕೊಟ್ಟರು. ತೊಡೆಗೊಂದು, ಮೀನಖಂಡಕ್ಕೊಂದು ಅಗಲವಾದ ಚರ್ಮದ ಪಟ್ಟಿ. ಎರಡೂ ಬದಿಗೆ ಉಕ್ಕಿನ ಸಲಾಕೆ. ಸಲಾಕೆಯ ನಡುವೆ, ಮೊಣಕಾಲಿನ ಎರಡೂ ಮಗ್ಗುಲಿಗೆ, ಬಾಗಿಲಿಗೆ ಇರುವಂಥ ಬಿಜಾಗರಿ. ಕಾಲು ಮುಂದೆ ಹಿಂದೆ ಮಡಚುತ್ತದೆ, ಪಕ್ಕಕ್ಕೆ ಹೊರಳುವುದಿಲ್ಲ.

ಅಳತೆ ಕೊಟ್ಟು ಮಾಡಿಸಿದ ಆ ಪಟ್ಟಾವನ್ನು ಮೊದಲ ಸಲ ಅವರ ಕಾಲಿಗೆ ಕಟ್ಟಿದ್ದು ನಾನಲ್ಲ. ಆ ಡಾಕ್ಟರ ಆಸ್ಪತ್ರೆಯಲ್ಲಿ ರೋಗಿಗಳಿಗೆ ವ್ಯಾಯಾಮ ಮಾಡಿಸುತ್ತಿದ್ದ ಒಬ್ಬ ಹೆಣ್ಣುಮಗಳು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಇಸ್ತ್ರಿ ಮಾಡಿದ ಬಿಳಿ ಕೋಟು, ಕೈಯಲ್ಲಿ ಗಂಡಸರ ಗಡಿಯಾರ. ನೆಲಕ್ಕೆ ಕೂತು, ಪರಗಂಡಸಿನ ಕಾಲನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಬಿಜಾಗರಿ ಸರಿಯಾಗಿ ಕೀಲಿನ ನಡುವಿಗೆ ಬಂತೋ ಇಲ್ಲವೋ ಎಂದು ಹೆಬ್ಬೆರಳಿನಿಂದ ಒತ್ತಿ ನೋಡಿದಳು. ಆ ಹೆಬ್ಬೆರಳಿಗೆ ಒಂದಿಷ್ಟೂ ಸಂಕೋಚವಿರಲಿಲ್ಲ.

ಇಬ್ಬರೂ ಮರಾಠಿಯಲ್ಲಿ ಮಾತಾಡುತ್ತಿದ್ದರು. ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಮುಗಿಸಿದ್ದೇ ತಡ, ನಮ್ಮಪ್ಪ ನನ್ನನ್ನು ಮನೆಯಲ್ಲಿ ಕೂರಿಸಿದ್ದ. ಸಂತೆಯ ಮರಾಠಿ ಅಷ್ಟಿಷ್ಟು ತಿಳಿಯುತ್ತಿತ್ತು; ಅವರ ನಗೆ ಮಾತ್ರ ತಿಳಿಯುತ್ತಿರಲಿಲ್ಲ. ಅವಳು ನನ್ನ ಕಡೆ ತಿರುಗಿ ಕನ್ನಡದಲ್ಲೇ ಕೇಳಿದಳು:

"ನಿಮ್ಮದು ಗಡಹಿಂಗ್ಲಜ ಕಡೇದ್ರಿ? ನಮ್ಮ ಆಯೀದೂ ಅದಽ ಊರು."

ನನ್ನ ತವರನ್ನೂ ಬಿಡಲಿಲ್ಲವಲ್ಲ ಇವಳು ಎನಿಸಿತು.

ಆಮೇಲೆ ನಮ್ಮ ಮನೆಯಲ್ಲಿ ಶುರುವಾಯಿತು ‘ಮ್ಯಾಡಮ್ ಹೇಳ್ಯಾರ’. ಮೊಣಕಾಲ ಕೆಳಗೆ ಟಾವೆಲ್ ಸುತ್ತಿ ಇಟ್ಟು ಒತ್ತಬೇಕು, ಮ್ಯಾಡಮ್ ಹೇಳ್ಯಾರ. ಕಾಲು ನೆಟ್ಟಗೆ ಎತ್ತಿ ಹತ್ತು ಎಣಿಸಬೇಕು, ಮ್ಯಾಡಮ್ ಹೇಳ್ಯಾರ. ನಾನು ಎಣ್ಣೆ ಕಾಯಿಸಿಕೊಂಡು ಬಂದರೆ, "ಬ್ಯಾಡ, ತಿಕ್ಕಬ್ಯಾಡಂದಾರ" ಎಂದು ಕಾಲು ಎಳೆದುಕೊಂಡರು. ಬಿಸಿ ಎಣ್ಣೆಯ ಬಟ್ಟಲು ಹಿಡಿದು ನಿಂತೇ ಇದ್ದೆ. ಎಲ್ಲಿ ಹಾಕಬೇಕೆಂದು ತಿಳಿಯದೆ ಕೊನೆಗೆ ನನ್ನ ತಲೆಗೇ ಹಚ್ಚಿಕೊಂಡೆ.

ಹದಿನೈದು ದಿನಕ್ಕೊಮ್ಮೆ ಕೊಲ್ಹಾಪುರಕ್ಕೆ ಹೋಗಬೇಕಿತ್ತು. ಒಮ್ಮೆ ಹೋಗುವ ದಿನ ಅವರು ಎರಡು ಸಲ ಗಡ್ಡ ಬೋಳಿಸಿಕೊಂಡದ್ದನ್ನು ನಾನು ನೋಡಿದೆ. ಮೊದಲ ಸಲದ್ದು ಸರಿಯಾಗಿ ಆಗಿರಲಿಲ್ಲ ಅಂತಲೇ ಇರಬಹುದು. ಆಗ ನನಗೆ ಹಾಗೆ ಕಾಣಲಿಲ್ಲ.

ಮುಂದಿನ ಸರದಿಗೆ ಎರಡು ದಿನ ಮೊದಲು ನಾನು ಸುಳ್ಳು ಹೇಳಿದೆ.

"ಕೊಲ್ಹಾಪುರದಿಂದ ಒಬ್ಬರು ನಿರೋಪ ತಂದಿದ್ರು. ಆ ಮ್ಯಾಡಮ್ ಒಂದು ತಿಂಗಳು ರಜಾ ಹಾಕ್ಯಾರಂತ. ಬರಬ್ಯಾಡ್ರಿ ಅಂದಾರಂತ."

"ಯಾರು ಬಂದಿದ್ರು?"

"ನನಗೇನ ಗೊತ್ರಿ? ಬಾಗಲದಾಗ ನಿಂತು ಹೇಳಿ ಹ್ವಾದ್ರು."

ಅವರು ನಂಬಿದರು. ಅಲ್ಲಿಯವರೆಗೆ ಮನೆಯಲ್ಲಿ ಅವರು ತಾವೇ ಕಟ್ಟಿಕೊಳ್ಳುತ್ತಿದ್ದ ಪಟ್ಟಾ ಕಟ್ಟುವ ಕೆಲಸ ಈಗ ನನ್ನದಾಯಿತು. ಅವಳ ಹಾಗೆಯೇ ನೆಲಕ್ಕೆ ಕೂತು, ಅವರ ಕಾಲನ್ನು ನನ್ನ ತೊಡೆಯ ಮೇಲೆ ಇಟ್ಟುಕೊಂಡು ಬಕ್ಕಲ್ ಬಿಗಿಯುತ್ತಿದ್ದೆ. ಆದರೆ ಚರ್ಮ ಹಿಗ್ಗುತ್ತದೆ, ಹೊಸ ತೂತು ಹೊಡೆಯಬೇಕು, ಇಲ್ಲವಾದರೆ ಪಟ್ಟಾ ಕೆಳಗೆ ಸರಿಯುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ. ಹದಿನೈದು ದಿನಕ್ಕೊಮ್ಮೆ ಕರೆಯುತ್ತಿದ್ದದ್ದೇ ಅದಕ್ಕೆ. ಬಿಜಾಗರಿ ಕೀಲು ಬಿಟ್ಟು ಮೂರು ಬೆರಳು ಕೆಳಗೆ ಇಳಿಯಿತು. ಒಂದು ಮಧ್ಯಾಹ್ನ ಹಿತ್ತಲಿನ ಮೆಟ್ಟಿಲು ಇಳಿಯುವಾಗ ಮೊಣಕಾಲು ಹೊರಳಿ, ಅವರು ಕಲ್ಲಿನ ಮೇಲೆ ಬಿದ್ದರು. ನಾನು ಓಡಿ ಹೋಗಿ ನೋಡುವಷ್ಟರಲ್ಲಿ ಕಾಲು ಬಾತುಕೊಳ್ಳತೊಡಗಿತ್ತು.

ಮರುದಿನ ಎಸ್.ಟಿ. ಬಸ್ಸಿನಲ್ಲಿ ಕೊಲ್ಹಾಪುರಕ್ಕೆ ಕರೆದುಕೊಂಡು ಹೋದೆ. ಅವಳು ಅಲ್ಲೇ ಇದ್ದಳು. ಪಟ್ಟಾ ಬಿಚ್ಚಿ, ಸಲಾಕೆ ಉಜ್ಜಿ ಕೆಂಪಾದ ಚರ್ಮ ನೋಡಿ, ಮುಖ ಗಂಟಿಕ್ಕಿ ಮರಾಠಿಯಲ್ಲಿ ಏನೋ ಕೇಳಿದಳು. ಒಂದು ತಿಂಗಳು ಯಾಕೆ ಬರಲಿಲ್ಲ ಎಂದೇ ಕೇಳಿರಬೇಕು. ನನ್ನ ಗಂಡ ನನ್ನ ಕಡೆ ನೋಡಿ, ಕನ್ನಡದಲ್ಲೇ ಹೇಳಿದರು:

"ನೀವಽ ರಜಾದಾಗ ಅದೀರಿ, ಬರಬ್ಯಾಡಂದೀರಿ ಅಂತ ಇಕಿ ಹೇಳಿದ್ಲಲ್ರಿ."

ಅವಳು ನನ್ನ ಮುಖ ನೋಡಿದಳು. ನಾನು ಅವಳ ಗಡಿಯಾರ ನೋಡುತ್ತಿದ್ದೆ.

"ಹೌದ್ರಿ," ಎಂದಳು ಅವಳು. "ರಜಾ ಹಾಕೂದಿತ್ತು. ಆಮ್ಯಾಲ ಹಾಕಲಿಲ್ಲ. ತಪ್ಪು ನಂದಽ."

ಸಿಕ್ಕಿಬಿದ್ದವಳನ್ನು ಬಿಟ್ಟುಕೊಡದೆ ಕಾಪಾಡಿದರೆ ಕೃತಜ್ಞತೆ ಹುಟ್ಟಬೇಕಲ್ಲವೆ? ನನಗೆ ಹುಟ್ಟಲಿಲ್ಲ. ಹೊಟ್ಟೆ ಇನ್ನಷ್ಟು ಉರಿಯಿತು. ಓದು ಅವಳದು, ಮಾತು ಅವಳದು, ಈಗ ದೊಡ್ಡತನವೂ ಅವಳದೇ. ನನ್ನ ಪಾಲಿಗೆ ಉಳಿದದ್ದು ಒಂದು ಸುಳ್ಳು, ಅದನ್ನೂ ಅವಳೇ ಹೊತ್ತುಕೊಂಡಳು.

ಅವಳು ನನ್ನನ್ನು ಹತ್ತಿರ ಕೂರಿಸಿಕೊಂಡಳು. ನನ್ನ ಬೆರಳು ಹಿಡಿದು ಕೀಲು ಎಲ್ಲಿದೆ ಎಂದು ಮುಟ್ಟಿಸಿದಳು. "ಬಿಜಾಗರಿ ಇಲ್ಲೇ ಕುಂದರಬೇಕು. ಕೆಳಗ ಬಂತಂದ್ರ ಬಿಚ್ಚಿ ಮತ್ತ ಕಟ್ರಿ. ಟೇಪ್ ಹಿಡದು ವಾರಕ್ಕೊಮ್ಮೆ ತೊಡಿ ಅಳೀರಿ. ತೊಡಿ ತುಂಬಿ ಬಂದ್ರ ಕಾಲು ಗಟ್ಟಿ ಆಗಾಕತ್ತೇತಿ ಅಂತ ತಿಳೀರಿ." ಅವಳ ಕೈ ಬೆಚ್ಚಗಿತ್ತು. ನಾನು ಕಲಿತೆ, ಹಟದಿಂದ ಕಲಿತೆ. ಅವಳ ಅಗತ್ಯವೇ ಬೀಳಬಾರದು ಎಂದು ಕಲಿತೆ.

ತಿರುಗಿ ಬರುವಾಗ ಬಸ್ಸಿನಲ್ಲಿ ಗಂಡನಿಗೆ ನಿಜ ಹೇಳಿಬಿಟ್ಟೆ. ಅವರು ಕಿಟಕಿಯ ಹೊರಗೆ ನೋಡುತ್ತ ಕೂತರು. ಬಸ್ಸಿಳಿದ ಮೇಲೆ ಕೇಳಿದರು:

"ಕಾಲು ಹೋಗಿದ್ರ ಏನ ಮಾಡಾಕಿದ್ದಿ?"

ಆಮೇಲೆ ಮೂರು ದಿನ ಅವರು ಪಟ್ಟಾವನ್ನು ತಾವೇ ಬಗ್ಗಿ ಬಗ್ಗಿ ಕಟ್ಟಿಕೊಂಡರು. ನಾಲ್ಕನೆಯ ದಿನ ಬೆಳಿಗ್ಗೆ ಕಾಲನ್ನು ನನ್ನ ಮುಂದೆ ಚಾಚಿದರು.

ಐದು ತಿಂಗಳ ಮೇಲೆ ಪಟ್ಟಾ ಬಿಟ್ಟು ಕೆಲಸಕ್ಕೆ ಹೋದರು. ಕುಕ್ಕರಗಾಲಿನಲ್ಲಿ ಕೂರಲು ಮಾತ್ರ ಕಡೆಗೂ ಆಗಲಿಲ್ಲ. ಮರುವರ್ಷ ಊಟದ ಹೊತ್ತಿನಲ್ಲಿ ಬಂದ ಯಾರೋ ಹೇಳಿದರು, ಆ ಮ್ಯಾಡಮ್ ಪುಣೆಗೆ ಹೋದರಂತೆ, ದೊಡ್ಡ ಆಸ್ಪತ್ರೆಯಲ್ಲಿ ಕೆಲಸವಂತೆ. ನನ್ನ ಗಂಡ "ಹೌದಾ? ಭಾಳ ಚಲೋ ಆತು" ಎಂದು ಊಟ ಮುಂದುವರಿಸಿದರು. ನನಗೂ ಸಮಾಧಾನವಾಯಿತು, ಹೋದಳಲ್ಲ ಎಂದು. ಅವರ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದೆ. ಹಾಕುವಾಗಲೇ ಇನ್ನೊಂದು ಉರಿ ಎದ್ದಿತು: ಪುಣೆಗೆ ಅವಳು ಯಾರನ್ನೂ ಕೇಳದೆ, ಒಬ್ಬಳೇ, ತನ್ನ ಪೆಟ್ಟಿಗೆ ತಾನೇ ಹಿಡಿದು ಹೋಗಿರಬೇಕು.